ಮುಂದಕ್ಕೆ ಬಿದ್ದ ರ‍್ಯಾಕ್

ಗ್ಯಾರೇಜಿನ ಯಜಮಾನರು ರ‍್ಯಾಕಿನ ಅಡಿಯಲ್ಲಿ ಸಿಕ್ಕಿಕೊಂಡಿದ್ದರು.

ಆಳಿಗಿಂತ ಎತ್ತರದ ಕಬ್ಬಿಣದ ರ‍್ಯಾಕ್ ಅದು. ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದದ್ದು ಮುಂದಕ್ಕೆ ಮುಗ್ಗರಿಸಿ, ಎದುರಿನ ಕೆಲಸದ ಮೇಜಿನ ಅಂಚಿಗೆ ಹಣೆ ಕೊಟ್ಟು ನಿಂತಿತ್ತು. ಮೇಜಿಗೂ ರ‍್ಯಾಕಿಗೂ ನಡುವಿನ ಸಂದಿಯಲ್ಲಿ ಯಜಮಾನರು. ಎಚ್ಚರವಿರಲಿಲ್ಲ. ಉಸಿರಿತ್ತು.

ಇನ್ಸ್‌ಪೆಕ್ಟರಮ್ಮ ಜೀಪಿನಿಂದ ಇಳಿಯುವ ಹೊತ್ತಿಗೆ ಅವರನ್ನು ಪಕ್ಕದಿಂದ ಎಳೆದು ಆಸ್ಪತ್ರೆಗೆ ಸಾಗಿಸಿ ಆಗಿತ್ತು. ರ‍್ಯಾಕ್ ಮಾತ್ರ ಬಿದ್ದ ಭಂಗಿಯಲ್ಲೇ ಇತ್ತು. ಯಾರೂ ಮುಟ್ಟಬಾರದೆಂದು ಹೇಳಿ ಅವರು ಅದರ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು. ಈ ಗ್ಯಾರೇಜು ಅವರಿಗೆ ಹೊಸದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಠಾಣೆಯ ಜೀಪು ದಾರಿಯಲ್ಲಿ ಕೈಕೊಟ್ಟಾಗಲೆಲ್ಲ ಊಟ ಬಿಟ್ಟು ಎದ್ದು ಬಂದವರು ಇದೇ ಯಜಮಾನರು. ಹೆಣ್ಣುಮಗಳೆಂದು ನಗದೆ, ಬಾನೆಟ್ ಎತ್ತಿ ಒಂದೊಂದನ್ನೂ ತೋರಿಸಿಕೊಟ್ಟಿದ್ದರು. ಆ ಋಣ ಎದೆಯಲ್ಲಿತ್ತು. ಎದೆಯಲ್ಲಿದ್ದದ್ದು ಕಣ್ಣಿಗೆ ಅಡ್ಡ ಬರಬಾರದು ಎಂದು ತಮಗೆ ತಾವೇ ಹೇಳಿಕೊಂಡರು.

ದೂರು ಕೊಟ್ಟವರು ಕೌಂಟರ್ ಮಾವ. ಯಜಮಾನರ ಹೆಂಡತಿಯ ತಮ್ಮ. ಅಕ್ಕ ತೀರಿಹೋದ ಮೇಲೂ ಭಾವನ ಮನೆಯಲ್ಲೇ ಉಳಿದು, ಗ್ಯಾರೇಜಿನ ಕೌಂಟರಿನಲ್ಲಿ ಕೂತವರು. ಬಿಳಿ ಶರ್ಟು, ಬಿಳಿ ಪ್ಯಾಂಟು. ಗ್ರೀಸ್ ಮುಟ್ಟುವ ಕೈ ತಮ್ಮದಲ್ಲ ಎಂಬುದು ಅವರ ಹೆಮ್ಮೆ. ನಸುಕಿನಲ್ಲೇ ಗ್ಯಾರೇಜಿಗೆ ಬಂದಿದ್ದ ಯಜಮಾನರನ್ನು ಬೆಳಿಗ್ಗೆ ಬಂದು ಮೊದಲು ನೋಡಿದವರೂ ಅವರೇ. ಆಂಬುಲೆನ್ಸಿಗೆ ಫೋನು ಮಾಡಿದವರೂ ಅವರೇ.

"ನಾನು ಮೊದಲೇ ಬಡ್ಕೊಂಡೆ ಮೇಡಂ. ಕಂಪ್ಯೂಟರ್ ಮಲಗಿಸೋ ಮಂಚದಲ್ಲಿ ಸ್ಪ್ಯಾನರ್ ಇಡಬೇಡಿ ಅಂತ. ಯಾರು ಕೇಳ್ತಾರೆ? ಭಾವನಿಗೆ ಅಳಿಯ ಹೇಳಿದ್ದೇ ವೇದ."

ಆಮೇಲೆ ರ‍್ಯಾಕಿನ ಹಿಂಬದಿಗೆ ಕರೆದುಕೊಂಡು ಹೋಗಿ ಕೈ ತೋರಿಸಿದರು. ಇಂಥ ರ‍್ಯಾಕಿಗೆ ಉರುಳಿಸಲು ಚಕ್ರಗಳಿರುತ್ತವೆ. ನಿಲ್ಲಿಸಿದ ಮೇಲೆ ಭಾರ ಹೊರಲು ಮೂಲೆಗೊಂದರಂತೆ ತಿರುಪಿನ ಕಾಲುಗಳಿರುತ್ತವೆ. ಬಿದ್ದ ರ‍್ಯಾಕಿನ ಹಿಂಭಾಗ ನೆಲ ಬಿಟ್ಟು ಎದ್ದಿತ್ತು. ಅಲ್ಲಿ ಒಂದು ಕಾಲು ಇರಲಿಲ್ಲ. ತೂತು ಮಾತ್ರ ಬಾಯಿ ಬಿಟ್ಟುಕೊಂಡಿತ್ತು.

"ಮೂರೇ ಕಾಲಲ್ಲಿ ನಿಲ್ಸಿದ್ದಾನೆ ಮಹಾಶಯ," ಎಂದರು ಕೌಂಟರ್ ಮಾವ. "ಇದು ಅಜಾಗರೂಕತೆ ಅಲ್ವಾ? ಕೇಸ್ ಹಾಕಿ."

*

ಆ ರ‍್ಯಾಕುಗಳ ಹಿಂದೆ ಒಂದು ಕಥೆಯಿತ್ತು.

ಅಳಿಯ ಒಂದು ದೊಡ್ಡ ಕಚೇರಿಯಲ್ಲಿ, ಕಂಪ್ಯೂಟರುಗಳನ್ನು ರ‍್ಯಾಕುಗಳಲ್ಲಿ ಪೇರಿಸಿಟ್ಟ ಸರ್ವರ್ ಕೋಣೆಯಲ್ಲಿ ಕೆಲಸಕ್ಕಿದ್ದವನು. ಆ ಕೋಣೆ ಮುಚ್ಚಿತು. ಯಂತ್ರಗಳು ಎಲ್ಲಿಗೋ ಹೋದವು, ಜನ ಮನೆಗೆ ಹೋದರು, ಖಾಲಿ ರ‍್ಯಾಕುಗಳು ಗುಜರಿಗೆ ಹೋದವು. ಕೆಲಸವಿಲ್ಲದ ಅಳಿಯನನ್ನು ಯಜಮಾನರು ಮನೆಗೆ ಕರೆದುಕೊಂಡರು. ಎರಡು ಹೊತ್ತು ಊಟ ಹಾಕಿ ಸುಮ್ಮನಿರಲಿಲ್ಲ, ಗ್ಯಾರೇಜಿನಲ್ಲಿ ನಿನ್ನ ಕೈಗೆ ಏನು ಹತ್ತುತ್ತದೋ ನೋಡು ಎಂದರು. ಅವನ ಕಣ್ಣಿಗೆ ಬಿದ್ದದ್ದು ನೆಲದ ತುಂಬ ಹರಡಿದ್ದ ಸಾಮಾನು. ಗುಜರಿಯವನ ಹತ್ತಿರ ಹೋಗಿ ತಾನೇ ನೋಡಿಕೊಂಡಿದ್ದ ರ‍್ಯಾಕುಗಳಲ್ಲಿ ಎರಡನ್ನು ಉರುಳಿಸಿಕೊಂಡು ಬಂದ. ಕಂಬಗಳ ಚೌಕ ತೂತುಗಳಿಗೆ ನಟ್ಟು ಸಿಕ್ಕಿಸಿ, ಎಳೆದರೆ ಈಚೆ ಬರುವ ತಟ್ಟೆಗಳನ್ನು ಕೂರಿಸಿದ. ಡ್ರಿಲ್ಲಿಗೊಂದು, ಬ್ರೇಕಿನ ಸಾಮಾನಿಗೊಂದು. ಪ್ರತಿ ತಟ್ಟೆಗೂ ತಾನಾಗಿ ಜಾರದಂತೆ ಕೊಕ್ಕೆ. ತಂತಿ ಹಾಯುತ್ತಿದ್ದ ಬಳೆಗಳಲ್ಲಿ ಈಗ ಗಾಳಿಯ ಪೈಪು ಸುತ್ತಿಕೊಂಡು ಕೂತಿತ್ತು. ಗೋಡೆ ಹಳೆಯದು, ಮೊಳೆ ಹೊಡೆದರೆ ಪುಡಿ ಉದುರುತ್ತಿತ್ತು. ಹಾಗಾಗಿ ಬುಡದ ತಟ್ಟೆಗಳಲ್ಲಿ ಹಳೆಯದನ್ನು ವಾಪಸು ಒಯ್ಯುವ ಬ್ಯಾಟರಿ ಕಂಪನಿಯ ಲಾರಿಗೆ ಕಾದಿದ್ದ ಸತ್ತ ಬ್ಯಾಟರಿಗಳನ್ನು ತುಂಬಿ, ಭಾರವನ್ನೇ ಬೇರು ಮಾಡಿದ್ದ.

ಇದನ್ನೆಲ್ಲ ಹೇಳಿದ್ದು ಯಜಮಾನರ ಮಗಳು, ಆಸ್ಪತ್ರೆಯ ಮೊಗಸಾಲೆಯಲ್ಲಿ. ಅಳಿಯ ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದ.

"ಕಾಲು ಎಷ್ಟು ಹಾಕಿದ್ದಿರಿ?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ನಾಲ್ಕೂ ಹಾಕಿದ್ದೆ."

"ನೋಡಿದವರು ಯಾರಾದ್ರೂ?"

ಅವನು ಇಲ್ಲವೆಂದು ತಲೆಯಾಡಿಸಿದ. ಮೆಲ್ಲಗೆ ಹೇಳಿದ. "ನನ್ನದೇ ತಪ್ಪು ಅಂತ ಬರ್ಕೊಳ್ಳಿ ಮೇಡಂ. ಯಾರೂ ಕರೀದೇ ಇದ್ದಾಗ ಮಾವನೋರು ಕರೆದ್ರು. ಅವರು ಕಣ್ಣು ಬಿಟ್ರೆ ಸಾಕು."

ಮಗಳು ಇನ್ಸ್‌ಪೆಕ್ಟರಮ್ಮನನ್ನು ಪಕ್ಕಕ್ಕೆ ಕರೆದಳು. ಇವರು ಮನೆ ಬಿಟ್ಟು ಹೋಗುತ್ತೇನೆ ಅನ್ನುತ್ತಿದ್ದಾರೆ, ಅಪ್ಪನನ್ನು ಕೊಲ್ಲಲು ಹೊರಟವನು ಅಂತ ಸೋದರಮಾವ ಎಲ್ಲರೆದುರು ಅಂದುಬಿಟ್ಟರು, ಕೇಸೂ ಆದರೆ ಇವರಿಗೆ ಇನ್ನೆಲ್ಲಿ ಕೆಲಸ ಸಿಗುತ್ತದೆ ಎಂದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಬೇಡಿ ಮೇಡಂ," ಎಂದು ಕಣ್ಣೊರೆಸಿಕೊಂಡಳು.

ಡಾಕ್ಟರು ಹೊರಗೆ ಬಂದರು. ಕಾಲಿನ ಮೂಳೆ ಮುರಿದಿದೆ, ತಲೆಗೆ ಪೆಟ್ಟು ದೊಡ್ಡದಲ್ಲ, ಸಂಜೆಗೆ ಮಾತಾಡಬಹುದು ಎಂದರು. ಅಳಿಯ ಅಲ್ಲೇ ಗೋಡೆಗೆ ಒರಗಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ.

*

ಗುಜರಿಯವನು ಮೊದಲ ಅನುಮಾನ. ಕಾಲಿಲ್ಲದ ರ‍್ಯಾಕನ್ನು ಮಾರಿದನೇ? ಅವನು ತನ್ನ ಅಂಗಡಿಯಲ್ಲಿ ಉಳಿದಿದ್ದ ರ‍್ಯಾಕುಗಳನ್ನು ತೋರಿಸಿದ. ಎಲ್ಲಕ್ಕೂ ನಾಲ್ಕು ಕಾಲು. ಕಾಲು ಬಿಚ್ಚಿಟ್ಟುಕೊಂಡು ಏನು ಗೆಜ್ಜೆ ಕಟ್ಟಲೇ ಎಂದು ಕೇಳಿದ.

ಎರಡನೆಯವನು ಗಾಡಿಗೆ ಬಣ್ಣ ಹೊಡೆಯುವ ಬಣ್ಣದಣ್ಣ. ಅಳಿಯನ ಮೇಲೆ ಅವನಿಗೆ ಸಿಟ್ಟಿತ್ತು. ಮುಚ್ಚುಮರೆ ಮಾಡದೆ ಒಪ್ಪಿಕೊಂಡ. ಬಂದವನೇ ತನ್ನ ಡಬ್ಬಗಳನ್ನೆಲ್ಲ ಎತ್ತಿ ಬೇರೆ ಕಡೆ ಜೋಡಿಸಿದನಲ್ಲ ಎಂದು ವಾರಗಟ್ಟಲೆ ಮಾತು ಬಿಟ್ಟಿದ್ದ. ಆಮೇಲೆ ಬೇಕಾದ ಡಬ್ಬ ಕಣ್ಣು ಮುಚ್ಚಿ ಕೈ ಚಾಚಿದರೆ ಸಿಗತೊಡಗಿತು. ಬೆಳಿಗ್ಗೆ ಕಂಡದ್ದನ್ನೂ ಅವನು ಹೇಳಿದ. ತಾನು ಬಂದಾಗ ಕೌಂಟರ್ ಮಾವ ರ‍್ಯಾಕಿನ ಹಿಂದಿನಿಂದ ಎದ್ದು ಬಂದರಂತೆ. ಫೋನು ಕೈಜಾರಿತ್ತು ಅಂದರಂತೆ. ಆಮೇಲೆ ಆಂಬುಲೆನ್ಸಿಗೆ ಕರೆ ಮಾಡಿದರಂತೆ.

"ಆಮೇಲೆ?" ಇನ್ಸ್‌ಪೆಕ್ಟರಮ್ಮ ಮತ್ತೆ ಕೇಳಿದರು.

"ಹೌದು ಮೇಡಂ. ನನ್ನೆದುರಿಗೇ ಮಾಡಿದ್ದು."

ಅವರು ಬೀಳದೆ ನಿಂತಿದ್ದ ಇನ್ನೊಂದು ರ‍್ಯಾಕಿನ ಹತ್ತಿರ ಹೋದರು. ಮೇಲಿನ ತಟ್ಟೆಗಳನ್ನೆಲ್ಲ ಒಟ್ಟಿಗೆ ಹೊರಗೆಳೆದರು. ಬಣ್ಣದಣ್ಣನೂ ಸೇರಿ ಜೋತುಬಿದ್ದ. ರ‍್ಯಾಕ್ ಮಿಸುಕಲಿಲ್ಲ. ಹಾಗಿದ್ದರೆ ಅದರ ಜೊತೆಯದು ಬಿದ್ದದ್ದು ಹೇಗೆ?

ಬಿದ್ದ ರ‍್ಯಾಕಿನ ಬುಡಕ್ಕೆ ಬಂದು ಕೂತರು. ಬ್ಯಾಟರಿಗಳು ಅಡ್ಡಪಟ್ಟಿಯ ಹಿಂದೆ ಸಾಲಾಗಿಯೇ ಇದ್ದವು. ಪಟ್ಟಿ ಬಿಚ್ಚಿಸಿ, ಒಂದಕ್ಕೆ ಎರಡೂ ಕೈ ಹಾಕಿ, ಸೊಂಟ ಗಟ್ಟಿಮಾಡಿಕೊಂಡು ಎಳೆದರು. ಅದು ಹತ್ತಿಯ ದಿಂಬಿನ ಹಾಗೆ ಮೇಲೆದ್ದು ಬಂತು. ಇನ್ಸ್‌ಪೆಕ್ಟರಮ್ಮ ಹಿಂದಕ್ಕೆ ಕೂತೇಬಿಟ್ಟರು.

ಬ್ಯಾಟರಿಯ ಬೆನ್ನು ಸೀಳಿತ್ತು. ಒಳಗಿನ ಸೀಸದ ಹಲಗೆಗಳು ಇರಲಿಲ್ಲ. ಮುಂದಿನಿಂದ ನೋಡಿದರೆ ಬ್ಯಾಟರಿ, ಹಿಂದಿನಿಂದ ಖಾಲಿ ಡಬ್ಬ. ಪಕ್ಕದ್ದೂ ಹಾಗೆಯೇ. ಅದರ ಪಕ್ಕದ್ದೂ.

*

ಕೌಂಟರ್ ಮಾವ ಟೀ ತರಿಸಿದರು. ಗ್ಲಾಸು ಕೊಡಲು ಕೌಂಟರಿನಿಂದ ಈಚೆ ಬಂದಾಗ ಇನ್ಸ್‌ಪೆಕ್ಟರಮ್ಮನ ಕಣ್ಣು ಅವರ ಬಿಳಿ ಪ್ಯಾಂಟಿನ ಮೇಲೆ ಬಿತ್ತು. ಮೊಣಕಾಲಿನಿಂದ ಕೆಳಗೆ ಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಸಣ್ಣ ತೂತುಗಳು. ಅಂಚು ಹಳದಿ.

"ಪ್ಯಾಂಟು ಹುಳ ಹಿಡಿದ ಹಾಗಿದೆಯಲ್ಲ."

"ಹೌದು ಮೇಡಂ. ಬೀರುವಿನಲ್ಲಿ ಹುಳ."

ಇನ್ಸ್‌ಪೆಕ್ಟರಮ್ಮ ಟೀ ಮುಗಿಸಿದರು. ಬಣ್ಣದಣ್ಣನನ್ನೂ, ಆಸ್ಪತ್ರೆಯಿಂದ ಬಂದಿದ್ದ ಮಗಳನ್ನೂ ಅಳಿಯನನ್ನೂ ಹತ್ತಿರ ಕರೆದರು. ಕೌಂಟರ್ ಮಾವನಿಗೆ ಅವರ ಕುರ್ಚಿಯಲ್ಲೇ ಕೂರಲು ಹೇಳಿದರು.

"ಈ ಕುರ್ಚಿಯ ಹಿಂಗಾಲು ಮುರಿದ್ರೆ ನೀವು ಯಾವ ಕಡೆ ಬೀಳ್ತೀರಿ?"

"ಇದೇನು ಮೇಡಂ, ಮಕ್ಕಳ ಒಗಟು. ಹಿಂದಕ್ಕೆ."

"ರ‍್ಯಾಕಿಗೂ ಇಲ್ಲದೇ ಇರೋದು ಹಿಂಗಾಲೇ. ಅದು ಗೋಡೆಗೆ ಒರಗಬೇಕಿತ್ತು. ಮುಂದಕ್ಕೆ ಯಾಕೆ ಬಿತ್ತು?"

ಕೌಂಟರ್ ಮಾವ ಬಿದ್ದ ರ‍್ಯಾಕಿನ ಕಡೆ ತಿರುಗಿ ನೋಡಿದರು.

ಇನ್ಸ್‌ಪೆಕ್ಟರಮ್ಮ ಪಾಠ ಹೇಳುವವರ ಹಾಗೆ ಬಿಡಿಸಿಟ್ಟರು. ರ‍್ಯಾಕ್ ನಿಂತಿರುವಾಗ ಹಿಂಗಾಲು ಗೋಡೆಯ ಕಡೆ, ಭಾರದ ಅಡಿಯಲ್ಲಿ ಇರುತ್ತದೆ. ಅಲ್ಲಿಗೆ ಕೈಯೇ ಹೋಗದು. ಅದು ಕೈಗೆ ಸಿಗುವುದು ರ‍್ಯಾಕ್ ಮುಗ್ಗರಿಸಿ, ಹಿಂಭಾಗ ನೆಲ ಬಿಟ್ಟಾಗ ಮಾತ್ರ. ಮುಂಗಾಲುಗಳು ಆಗ ನೆಲಕ್ಕೆ ಕಚ್ಚಿಕೊಂಡಿದ್ದವು. ಆದ್ದರಿಂದ ಬಿಚ್ಚಿದವರು ಸಿಕ್ಕಿದ್ದನ್ನೇ ಬಿಚ್ಚಿದರು. ಅಂದರೆ ಕಾಲು ಹೋದದ್ದಕ್ಕೆ ರ‍್ಯಾಕ್ ಬೀಳಲಿಲ್ಲ. ಬಿದ್ದ ಮೇಲೆ ಕಾಲು ಹೋಯಿತು. ಬೀಳಲು ಕಾರಣ ಬುಡದ ಬ್ಯಾಟರಿಗಳು. ಸರ್ವರ್ ಕೋಣೆಯವನು ಭಾರವನ್ನು ಬುಡಕ್ಕಿಟ್ಟಿದ್ದ. ಯಾರೂ ಬಗ್ಗಿ ನೋಡದ ಜಾಗ ಅಂತ ಕಳ್ಳನೂ ಬುಡಕ್ಕೇ ಕೈ ಹಾಕಿದ. ಒಂದೊಂದಾಗಿ ಸೀಸ ಹೋಯಿತು. ಬೇರು ಕಿತ್ತ ಮರದಂತೆ ನಿಂತಿದ್ದ ರ‍್ಯಾಕಿನ ಮೇಲಿನ ತಟ್ಟೆಯನ್ನು ಯಜಮಾನರು ಎಳೆದರು.

"ಬ್ಯಾಟರಿ ಸೀಳುವಾಗ ಆಸಿಡ್ ಹಾರುತ್ತೆ. ಆ ಕ್ಷಣಕ್ಕೆ ಗೊತ್ತಾಗಲ್ಲ. ಒಗೆದ ಮೇಲೆ ತೂತು ಬೀಳುತ್ತೆ. ಗ್ರೀಸನ್ನೇ ಮುಟ್ಟದವರ ಪ್ಯಾಂಟಿಗೆ ಬ್ಯಾಟರಿ ನೀರು ಎಲ್ಲಿಂದ ಬಂತು?"

ಅವರ ದನಿ ಏರಲಿಲ್ಲ. "ಕಳವು ಸಣ್ಣದು. ಬೆಳಿಗ್ಗೆ ಬಂದಾಗ ನಿಮ್ಮ ಭಾವ ಅದರಡಿ ಬಿದ್ದಿದ್ರು. ಉಸಿರಾಡ್ತಿದ್ರು. ನೀವು ಮೊದಲು ಫೋನು ಎತ್ತಲಿಲ್ಲ. ಸ್ಪ್ಯಾನರ್ ಎತ್ತಿದ್ರಿ."

ಮಗಳು ಸೋದರಮಾವನ ಮುಖವನ್ನೇ ನೋಡುತ್ತಿದ್ದಳು. ಆ ನೋಟವನ್ನು ತಾಳಲಾರದೆ ಕೌಂಟರ್ ಮಾವ ಮೇಜಿನ ಡ್ರಾಯರ್ ಎಳೆದು, ಬಟ್ಟೆಯಲ್ಲಿ ಸುತ್ತಿದ್ದ ತಿರುಪಿನ ಕಾಲನ್ನು ಮೇಜಿನ ಮೇಲಿಟ್ಟರು. ಹೇಗೂ ಸತ್ತ ಬ್ಯಾಟರಿ, ಯಾರಿಗೆ ನಷ್ಟ ಅಂದುಕೊಂಡೆ ಎಂದರು. ಸೀಸವನ್ನು ದೂರದ ಬೇರೊಂದು ಗುಜರಿಗೆ ಹಾಕುತ್ತಿದ್ದರಂತೆ. ಅಳಿಯ ಬಂದ ಮೇಲೆ ತನ್ನ ಮಾತು ನಡೆಯುತ್ತಿರಲಿಲ್ಲ, ಈ ನೆಪದಲ್ಲಿ ಅವನೂ ಹೋಗಲಿ ಅನ್ನಿಸಿತು ಎಂದರು. ಉಂಡ ಮನೆಯ ಜಂತೆ ಎಣಿಸಿದವರ ಮಾತು ಅಲ್ಲಿಗೆ ನಿಂತಿತು.

*

ಸಂಜೆ ಯಜಮಾನರು ಕಣ್ಣು ಬಿಟ್ಟಿದ್ದರು. ಕಾಲಿಗೆ ಪ್ಲಾಸ್ಟರ್. ಇನ್ಸ್‌ಪೆಕ್ಟರಮ್ಮ ಎಲ್ಲವನ್ನೂ ಹೇಳಿ ಮುಗಿಸುವವರೆಗೂ ಚಾವಣಿ ನೋಡುತ್ತ ಮಲಗಿದ್ದರು. ಆಮೇಲೆ ಹೇಳಿಕೆ ಬರೆದುಕೊಳ್ಳಲು ಹೇಳಿದರು.

"ನಾನು ಬಿದ್ದಿದ್ದಾಗ ಕಾಲು ಬಿಚ್ಚಿದ ಅಂತ ಬರೀರಿ. ಅದರ ಕೆಳಗೆ, ಆಮೇಲೆ ಆಂಬುಲೆನ್ಸ್ ಕರೆದ ಅಂತಾನೂ ಬರೀರಿ."

"ಅಪ್ಪಾ, ಅವರಿಗೂ ಉಪಕಾರ ಸ್ಮರಣೆನಾ?" ಮಗಳು ಕೇಳಿದಳು.

"ಬಿಟ್ಟುಬಿಡಿ ಅಂತ ನಾನು ಹೇಳಲಿಲ್ಲ ಮಗಳೇ. ಕರೆದದ್ದಕ್ಕೆ ಬದುಕಿದೀನಿ. ಅದನ್ನ ನುಂಗಿಕೊಂಡ್ರೆ ನಾನೂ ಒಂದು ಕಾಲು ಬಚ್ಚಿಟ್ಟ ಹಾಗೆ."

ಇನ್ಸ್‌ಪೆಕ್ಟರಮ್ಮ ಎರಡನ್ನೂ ಬರೆದುಕೊಂಡರು.

ಅಳಿಯ ಬಾಗಿಲಲ್ಲಿ ನಿಂತಿದ್ದ. ಯಜಮಾನರು ಕೈ ಸನ್ನೆ ಮಾಡಿ ಹತ್ತಿರ ಕರೆದು, ಮಂಚದ ಅಂಚಿನಲ್ಲಿ ಕೂರಿಸಿಕೊಂಡರು.

"ರ‍್ಯಾಕ್ ಮೈಮೇಲೆ ಬರುವಾಗ ಕತೆ ಮುಗೀತು ಅಂದ್ಕೊಂಡೆ. ಡ್ರಿಲ್ಲು, ಉಳಿ ಎಲ್ಲ ಮುಖದ ನೇರಕ್ಕೇ ಇದ್ವು. ನಾನು ಎಳೆದ ತಟ್ಟೆ ಒಂದು ಬಿಟ್ಟು ಮಿಕ್ಕಿದ್ದು ಯಾವುದೂ ಜಾರಲಿಲ್ಲ. ನೀನು ಹಾಕಿದ ಕೊಕ್ಕೆ ಹಿಡ್ಕೊಂಡಿತ್ತು. ತಲೆಗೆ ಬಂದದ್ದು ಕಾಲಿಗೆ ಹೋಯ್ತು." ಸ್ವಲ್ಪ ಉಸಿರು ತೆಗೆದುಕೊಂಡರು. "ಮನೆ ಬಿಡ್ತೀಯಂತೆ. ನನ್ನ ತಲೆ ಉಳಿಸಿದವನು ನೀನು. ನೀನೇ ಹೋದ್ರೆ ನಾನು ಯಾರಿಗೆ ಋಣ ತೀರಿಸ್ಲಿ?"

ಅಳಿಯ ಮಾವನ ಅಂಗೈಯನ್ನು ತನ್ನ ಎರಡೂ ಕೈಗಳ ನಡುವೆ ಹಿಡಿದುಕೊಂಡ.

"ನಾಳೆ ಆ ರ‍್ಯಾಕನ್ನ ಎತ್ತಿ ನಿಲ್ಸು," ಎಂದರು ಯಜಮಾನರು. "ಒಬ್ಬನೇ ಎತ್ತೋಕೆ ಹೋಗಬೇಡ ಮತ್ತೆ."

"ಒಬ್ಬರೇ ಯಾಕೆ?" ಇನ್ಸ್‌ಪೆಕ್ಟರಮ್ಮ ಪೆನ್ನಿನ ಟೋಪಿ ಮುಚ್ಚಿದರು. "ಬೆಳಿಗ್ಗೆ ನಾನೂ ಬರ್ತೀನಿ. ಬಣ್ಣದಣ್ಣನಿಗೂ ಹೇಳಿಡಿ."