ಎಡಗೈಯ ಉರಿ

ಕಾವೇರಿ ಎಡಗೈ ಚಾಚಿದಳು. ಮೈಲಾರಿ ಗಡಿಬಿಡಿಯಿಂದ ಮೇಜಿನ ಮೇಲಿದ್ದ ಸ್ಟಿಕರ್ ಕಟ್ಟುಗಳನ್ನು ಎತ್ತಿ ಎರಡೂ ಕೈ ತುಂಬಿಸಿಕೊಂಡ.

"ಏನ್ರಿ ಸರ, ಸ್ಕೌಟ್ ಆಫೀಸಿನ್ಯಾಗ ಕುಂತು ಕೈ ಕೊಡೂದ ಮರತೀರೇನು?"

"ಗೋಂದು ಹತ್ತೇತ್ರಿ ಟೀಚರ್, ಕೈ ಗಲೀಜ ಅದಾವ."

ಸುಳ್ಳು. ಕೈಗೆ ಏನೂ ಹತ್ತಿರಲಿಲ್ಲ.

ಸ್ಕೌಟ್‌ನವರು ಎಡಗೈ ಕುಲುಕುತ್ತಾರೆ. ಹಿಂದೆ ಸೈನಿಕರು ಎಡಗೈಯಲ್ಲಿ ಢಾಲು ಹಿಡಿಯುತ್ತಿದ್ದರಂತೆ. ಆ ಕೈ ಕೊಡಬೇಕೆಂದರೆ ಢಾಲು ಕೆಳಗಿಡಬೇಕು, ಅಂದರೆ ಎದುರಿಗಿದ್ದವರನ್ನು ನಂಬಬೇಕು. ಹೋದ ವರ್ಷ ತರಬೇತಿಯಲ್ಲಿ ಮೊದಲ ಸಲ ಭೇಟಿಯಾದಾಗ ಮೈಲಾರಿ ಅವಳನ್ನು ನೋಡುತ್ತಾ ಮೈಮರೆತು ಬಲಗೈ ಚಾಚಿದ್ದ. "ಮೊದಲ ಢಾಲು ಕೆಳಗ ಇಡ್ರಿ ಸರ" ಎಂದು ಕಾವೇರಿ ಎಲ್ಲರೆದುರು ನಕ್ಕಿದ್ದಳು. ಅಂದಿನಿಂದ ಅವರಿಬ್ಬರ ಪ್ರೀತಿಗೆ ಬೇರೆ ಭಾಷೆ ಬೇಕಾಗಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ, ಮಿರ್ಚಿ ಅಂಗಡಿಯ ಮುಂದೆ, ಎಲ್ಲಿ ಸಿಕ್ಕರೂ ಎಡಗೈ. ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತು.

ಅವಳು ಶಿರಗುಪ್ಪಿ ಶಾಲೆಯ ಗೈಡ್ ಕ್ಯಾಪ್ಟನ್. ಅವನು ಬೆಂಗೇರಿಯ ಈ ಒಂದೇ ಕೋಣೆಯ ಕಚೇರಿಯಲ್ಲಿ ಕೂತು ಜಿಲ್ಲೆಯ ಶಿಬಿರಗಳನ್ನು ನಡೆಸುವ ಸಂಘಟಕ.

ಕಾವೇರಿ ಬಟ್ಟೆಯ ಗಂಟೊಂದನ್ನು ಮೇಜಿನ ಮೇಲಿಟ್ಟಳು. "ಹುಡುಗ್ಯಾರ ಖರೀ ಕಮಾಯಿರಿ. ಈ ಸಲ ಶಿಬಿರದ ಚೀಟಿ ಎತ್ತಿದಾಗ ನಮ್ಮ ಸಾಲಿ ಹೆಸರ ಬರಲಿಲ್ಲ, ಇರ್ಲಿ. ಶಿಬಿರಕ್ಕಂತ ದುಡದದ್ದು ಶಿಬಿರಕ್ಕ ಹೋಗ್ಲಿ, ಯಾರರ ಬಡ ಮಕ್ಕಳಿಗೆ ಹಗ್ಗಾನೋ ಬಕೀಟೋ ತಗೊಳ್ರಿ ಅಂದಾರ."

ಶಿಬಿರದ ಫೀಯನ್ನು ಅಪ್ಪನ ಜೇಬಿನಿಂದ ತರಬಾರದು, ಮಕ್ಕಳು ಸ್ವತಃ ದುಡಿದು ತರಬೇಕು ಎನ್ನುವುದು ಸ್ಕೌಟ್‌ನ ಹಳೆಯ ಪದ್ಧತಿ. ಅದನ್ನೇ ಖರೀ ಕಮಾಯಿ ಎನ್ನುತ್ತಾರೆ. ಹೆಚ್ಚಿನ ಶಾಲೆಗಳಲ್ಲಿ ಅದು ಹೆಸರಿಗಷ್ಟೇ. ಶಿರಗುಪ್ಪಿಯ ಹುಡುಗಿಯರು ಮಾತ್ರ ಶಾಲೆಯ ರಜೆಯಲ್ಲೆಲ್ಲ ಕಣದಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿದಿದ್ದರು. ಕಾವೇರಿಯ ಬೆರಳ ತುದಿಗಳೂ ಕೆಂಪಗೆ ಊದಿಕೊಂಡಿದ್ದವು.

"ನೀವ್ಯಾಕ ಮುರಿಯಾಕ ಹೋದ್ರಿ?"

"ಅವರು ಕುಂತಾಗ ನಾ ನಿಂತ ನೋಡ್ಲೇನು? ಮೊನ್ನೆ ಇದ ಕೈಲೆ ಕಣ್ಣ ಒರಸಿಕೊಂಡು ಸಂಜೀತನಕ ಅತ್ತೇನಿ. ನಮ್ಮವ್ವ ಏನಂದ್ಲು ಗೊತ್ತೈತೇನು? ಹುಬ್ಬಳ್ಳ್ಯಾಗ ಯಾರೋ ಕೈ ಕೊಟ್ಟಾರ ನಿನಗ ಅಂದ್ಲು."

ಅವಳು ನಕ್ಕಳು. ಮೈಲಾರಿಗೆ ನಗಲಾಗಲಿಲ್ಲ.

ಬಾಗಿಲ ಬಳಿ ನಿಂತು ತಿರುಗಿದಳು. ಹೆರಳನ್ನು ಮುಂದಕ್ಕೆ ಹಾಕಿಕೊಂಡು, ಅವನನ್ನು ಬಿಟ್ಟು ಉಳಿದೆಲ್ಲವನ್ನೂ ನೋಡುತ್ತಾ, "ಐತವಾರ ಮನಿಗೆ ಬರ್ತೀರಲ್ಲ? ಅಪ್ಪಾರು ದಾರಿ ಕಾಯಾಕತ್ತಾರ. ನಾ ಏನ ಕಾಯೂದಿಲ್ಲ ಮತ್ತ" ಎಂದಳು.

"ಬರ್ತೇನ್ರಿ."

ಅವಳು ಹೋದ ಮೇಲೂ ಆ ಗಂಟು ಮೇಜಿನ ಮೇಲಿತ್ತು. ಅದಕ್ಕೂ ಮೆಣಸಿನಕಾಯಿಯ ಘಾಟು.

ಚೀಟಿ ಎತ್ತಿಯೇ ಇರಲಿಲ್ಲ.

ಸರಕಾರದ ಅನುದಾನ ಶಿಬಿರ ಮುಗಿದ ಮೇಲೆ ಯಾವಾಗಲೋ ಬರುತ್ತದೆ. ಶಾಲೆಗಳಲ್ಲಿ ಮಾರುವ ಸ್ಟಿಕರ್‌ನ ದುಡ್ಡು ಕಚೇರಿಯ ಬಾಡಿಗೆ, ಲೈಟ್ ಬಿಲ್ಲಿಗೆ ಹೋಗುತ್ತದೆ. ಶಿಬಿರದ ಒಲೆ ಉರಿಯುವುದು ಖಾಸಗಿ ಶಾಲೆಯ ಮಕ್ಕಳು ಕೊಡುವ ಪೂರ್ತಿ ಫೀಯಿಂದ. ಸರಕಾರಿ ಶಾಲೆಯ ಮಕ್ಕಳ ಅನ್ನವೂ ಅದೇ ಒಲೆಯ ಮೇಲೆ. ಈ ಸಲ ಧಾರವಾಡದ ಖಾಸಗಿ ಶಾಲೆಯೊಂದು, ಕಳಿಸಿದರೆ ನಮ್ಮ ಮಕ್ಕಳೆಲ್ಲರನ್ನೂ ಕಳಿಸುತ್ತೇವೆ, ಇಲ್ಲವಾದರೆ ಯಾರನ್ನೂ ಇಲ್ಲ ಎಂದಿತು. ಇದ್ದ ಡೇರೆಗಳು ಇದ್ದಷ್ಟೇ. ಯಾರನ್ನಾದರೂ ಬಿಡಬೇಕಿತ್ತು.

ಹಳೇ ಹುಬ್ಬಳ್ಳಿಯ ಮಕಬೂಲಸಾಬ ಮಾಸ್ತರ ಶಾಲೆಯನ್ನು ಕೈಬಿಟ್ಟರೆ ಅವರು ಬಂದು ಕಚೇರಿಯಲ್ಲೇ ಕೂರುತ್ತಿದ್ದರು. ಬೇರೊಬ್ಬರು ಎಮ್ಮೆಲ್ಲೆಯಿಂದ ಫೋನ್ ಮಾಡಿಸುತ್ತಿದ್ದರು. ಕಾವೇರಿ ಮಾತ್ರ "ಇರ್ಲಿ ಬಿಡ್ರಿ ಸರ, ನೀವೇನ ಮಾಡ್ತೀರಿ" ಎನ್ನುತ್ತಿದ್ದಳು. ಹಾಗಾಗಿ ಅವಳ ಹುಡುಗಿಯರನ್ನೇ ಬಿಟ್ಟ. ಫೋನಿನಲ್ಲಿ, ಚೀಟಿ ಎತ್ತಿದೆವು ಎಂದ. ಅವಳು ಅವನು ಊಹಿಸಿದ ಮಾತನ್ನೇ ಆಡಿದಳು.

ಪ್ರೀತಿ ಇದ್ದ ಕಡೆ ಕತ್ತರಿ ಸಲೀಸಾಗಿ ಆಡಿತ್ತು.

ಭಾನುವಾರ ಮೈಲಾರಿ ಹೊಸ ಅಂಗಿ ತೊಟ್ಟು, ಗಂಟು ಹಿಡಿದು ಶಿರಗುಪ್ಪಿಯಲ್ಲಿ ಬಸ್ಸಿಳಿದ. ಮನೆಯ ದಾರಿ ಹಿಡಿಯದೆ ಕಣಕ್ಕೆ ನಡೆದ. ದೊಡ್ಡ ತಾಡಪಾಲುಗಳ ಮೇಲೆ ಮೆಣಸಿನಕಾಯಿ ಕೆಂಪಗೆ ಹರಡಿತ್ತು. ಅಂಚಿನಲ್ಲಿ ಹುಡುಗಿಯರು, ನಡುವೆ ಕಾವೇರಿ. ಮಾತಾಡುವ ಮೊದಲು ಅವನು ಸೀನಿದ.

"ಹೊಸಾ ಅಂಗಿ ಹಾಕ್ಕೊಂಡು ಮೆಣಸಿನಕಾಯಿ ಕಣಕ್ಕ ಬಂದೀರಿ. ಬುದ್ಧಿ ಐತೇನ್ರಿ?" ಅವಳ ಕಣ್ಣು ಅಂಗಿಯ ಕಾಲರಿನಿಂದ ಗುಂಡಿಗಳವರೆಗೆ ಇಳಿದು, ತೃಪ್ತಿಯಿಂದ ಮೇಲೆ ಬಂತು.

"ಶಿಬಿರ ಇಲ್ಲಲ್ರಿ, ಮತ್ಯಾಕ ಮುರಿಯಾಕತ್ತೀರಿ?"

"ಮುಂದಿನ ವರ್ಷದ್ದಕ್ಕ."

ಅವನು ಎದುರು ಕೂತು ಕೈಗೆ ಸಿಕ್ಕ ಮೆಣಸಿನಕಾಯಿಯ ತೊಟ್ಟು ಮುರಿದ. ಇನ್ನೊಂದು ಮುರಿದ. ಆಮೇಲೆ ಹೇಳಿದ, ತಲೆ ಎತ್ತದೆ, ಮೆಲುದನಿಯಲ್ಲಿ, ಎಲ್ಲವನ್ನೂ.

ಅವಳ ಕೈ ನಿಂತಿತು. "ನಮ್ಮನ್ನ ಯಾಕ?"

"ನೀವು ಜಗಳಾ ಮಾಡೂದಿಲ್ಲಂತ ಗೊತ್ತಿತ್ತರಿ."

"ಅಲ್ಲ. ನಾ ನಿಮ್ಮ ಮಾತ ನಂಬತೇನಿ ಅಂತ ಗೊತ್ತಿತ್ತು."

ಮೈಲಾರಿ ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟ.

"ತಪ್ಪಾತ್ರಿ ಕಾವೇರಿ."

"ನನಗ ಹೇಳಿದ್ರ ಮುಗೀತೇನು? ನನಗಿಂತ ಮೊದಲ ಅವರ ಬೆರಳು ಉರದಾವ. ಅವರಿಗೆ ಹೇಳ್ರಿ."

ಮೈಲಾರಿ ಎದ್ದು ನಿಂತ. ಇದೇ ಹುಡುಗಿಯರಿಗೆ ಸತ್ಯವನ್ನೇ ನುಡಿಯುತ್ತೇನೆ ಎಂಬ ಪ್ರತಿಜ್ಞೆ ಬೋಧಿಸಿದ್ದ ಬಾಯಿಂದ, "ನಾ ನಿಮಗ ಸುಳ್ಳ ಹೇಳೇನಿ" ಎಂದ. ಯಾರೂ ಅಳಲಿಲ್ಲ. ಅತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ದಳದ ಮುಂದಾಳು ದುರ್ಗಾ ಕೇಳಿದಳು: "ಬರೇ ಡೇರೆ ಸಾಲೂದಿಲ್ಲಂತ ನಮ್ಮನ್ನ ಬಿಟ್ರೇನ್ರಿ ಸರ?"

"ಹೌದವಾ."

ಅವಳು ಕೂತ ತಾಡಪಾಲನ್ನು ಅಂಗೈಯಿಂದ ಬಡಿದಳು. "ಇದ ಐತೆಲ್ರಿ. ಬಿದರು ನಾವ ತರ್ತೇವಿ. ಗಂಟ ಹಾಕೂದ ನೀವ ಕಲಿಸೀರಿ. ರೊಕ್ಕ ನಿಮ್ಮ ಕೈಯಾಗ ಐತಿ. ಮತ್ತೇನ ಬೇಕು?"

ಹುಡುಗಿಯರು ಕಿಲಕಿಲ ನಕ್ಕರು. ಬೇರೆ ದಾರಿಯೇ ಇರಲಿಲ್ಲ ಎಂಬ ಒಂದು ಸಮಾಧಾನ ಮೈಲಾರಿಗಿತ್ತು. ಅದೂ ಹೋಯಿತು. ಮೊದಲೇ ಇವರನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು.

"ಇವತ್ತ ಮನಿಗೆ ಬರಬ್ಯಾಡ್ರಿ. ಅಪ್ಪಾರಿಗೆ ನಾ ಹೇಳ್ತೇನಿ" ಎಂದಳು ಕಾವೇರಿ.

"ಏನಂತ?"

"ಖರೇನ ಹೇಳ್ತೇನಿ. ನಮ್ಮಿಬ್ಬರಾಗ ಒಬ್ಬರರ ಹೇಳಬೇಕಲ್ಲ."

ಶಿಬಿರದ ದಿನ ಟ್ರ್ಯಾಕ್ಟರಿನಲ್ಲಿ ತಾಡಪಾಲು, ಬಿದಿರು, ಹುಡುಗಿಯರು ಬಂದಿಳಿದಾಗ ಜಿಲ್ಲಾ ಸ್ಕೌಟ್ ಕಾರ್ಯದರ್ಶಿ ವೆಂಕಣ್ಣ ಸರ್ ಮೂಗು ಮುಚ್ಚಿಕೊಂಡರು. "ಏನ್ರಿ ಮೈಲಾರಿ, ಇದು ಸ್ಕೌಟ್ ಕ್ಯಾಂಪೋ, ಎಪಿಎಂಸಿ ಯಾರ್ಡೋ? ಚೀಟ್ಯಾಗ ಇವರ ಹೆಸರ ಬಂದಿಲ್ಲ ಅಂದಿದ್ರಿ?"

"ಚೀಟಿ ಎತ್ತೇ ಇಲ್ರಿ ಸರ. ಸುಳ್ಳ ಹೇಳಿದ್ದೆ."

ಅವರು ಬಹಳ ಹೊತ್ತು ಬೈದರು, ಎಲ್ಲರಿಗೂ ಕೇಳುವಂತೆ. ಮೈಲಾರಿ ನಿಂತು ಬೈಸಿಕೊಂಡ. ಅಷ್ಟರಲ್ಲಿ ಖಾಸಗಿ ಶಾಲೆಯ ಮಕ್ಕಳು ಸೀನುತ್ತಲೇ ತಾಡಪಾಲಿನ ಡೇರೆ ನೋಡಲು ಮುತ್ತಿದ್ದರು. ದುರ್ಗಾ ಅವರಿಗೆ ಹಗ್ಗದ ಬಿಗಿ ತೋರಿಸುತ್ತಿದ್ದಳು, ಮೇಷ್ಟ್ರ ಗತ್ತಿನಲ್ಲಿ.

ಸಂಜೆ ಕಾವೇರಿ ಕೊನೆಯ ಡೇರೆಯ ಹಗ್ಗ ಬಿಗಿಯುತ್ತಿದ್ದಳು. ಮೈಲಾರಿ ಬಂದು ಬಿದಿರಿನ ಗಳ ಹಿಡಿದ. ಅವಳು ಬೇಡ ಎನ್ನಲಿಲ್ಲ, ನೋಡಲೂ ಇಲ್ಲ.

"ಅಪ್ಪಾರು ಏನಂದ್ರು?"

"ಅಂಥಾವನ್ನ ಬಿಟ್ಟಬಿಡು ಅಂದ್ರು."

"ನೀವೇನಂದ್ರಿ?"

"ಗಳಾ ನೆಟ್ಟಗ ಹಿಡೀರಿ, ಸೊಟ್ಟ ಆಗಾಕತ್ತೇತಿ."

ಅವನು ನೆಟ್ಟಗೆ ಹಿಡಿದ. ಅವಳು ಗಂಟು ಹಾಕಿದಳು, ಜಗ್ಗಿ ನೋಡಿದಳು, ಸಮಾಧಾನವಾಗದೆ ಬಿಚ್ಚಿ ಮತ್ತೆ ಹಾಕಿದಳು. ಆಮೇಲೆ ಹೇಳಿದಳು: "ಮುಂದ ಯಾರನ್ನರ ಬಿಡೂ ಪ್ರಸಂಗ ಬಂದ್ರ ಮೊದಲ ನನ್ನ ಕೂಡ ಜಗಳಾ ಮಾಡ್ರಿ. ನನಗೂ ಜಗಳಾ ಬರ್ತೈತಿ. ಭಾಳ ಛಲೋ ಬರ್ತೈತಿ."

"ಅಂದ್ರ ಮುಂದ ಐತೇನ್ರಿ?"

ಅವಳು ಈಗ ನೋಡಿದಳು. ನಗು ಇರಲಿಲ್ಲ. ಆದರೆ ನೋಟ ಅವನ ಮುಖದಿಂದ ಬೇಗ ಕದಲಲೂ ಇಲ್ಲ.

ಮೈಲಾರಿ ಗಳವನ್ನು ಬಲಗೈಗೆ ದಾಟಿಸಿ ಎಡಗೈ ಚಾಚಿದ.

"ಬ್ಯಾಡ್ರಿ. ತಾಡಪಾಲ ಕಟ್ಟೇನಿ, ಕೈತುಂಬ ಖಾರ ಐತಿ. ಉರೀತೈತಿ."

"ಉರೀಲಿ."

ಅವನ ಕೈ ಹಾಗೇ ಚಾಚಿಕೊಂಡಿತ್ತು. ಅತ್ತ ಊಟಕ್ಕೆ ಸೀಟಿ ಊದಿದರು, ಮಕ್ಕಳು ತಾಟು ಬಡಿಯುತ್ತಾ ಓಡಿದರು. ಕಾವೇರಿ ಸೆರಗಿಗೆ ಕೈ ಒರೆಸಿಕೊಳ್ಳಲು ಹೋದವಳು, ಒರೆಸಿಕೊಳ್ಳದೆ, ಅವನ ಕೈ ಹಿಡಿದಳು. ಈ ಸಲ ಬೇಕಾದಷ್ಟೇ ಹೊತ್ತು. ಹಿಡಿದು, ಬಿಟ್ಟು, ಮಕ್ಕಳಿಗೆ ಬಡಿಸಲು ನಡೆದಳು.

ಅಂಗೈ ಮೆಲ್ಲಗೆ ಉರಿಯತೊಡಗಿತು. ನೀರಿನ ನಲ್ಲಿ ಪಕ್ಕದಲ್ಲೇ ಇತ್ತು. ಮೈಲಾರಿ ಆ ಕಡೆ ಹೋಗಲಿಲ್ಲ.