ಕಳ್ಳಿಪೀರಗಳನ್ನು ಕಳಿಸಿಕೊಡುವುದು

"ಕಂಬ ಆರಿಸು ಅಂದ್ನಲ್ಲ, ಕಿವಿಗೇನು ಹತ್ತಿ ತುರುಕ್ಕಂಡಿದ್ದೀಯಾ?"

"ಕೇಳಿಸ್ತು ಕಣಕ್ಕ. ಆರಿಸಾಕಿಲ್ಲ."

"ಆರಿಸಾಕಿಲ್ಲ ಅನ್ನಕ್ಕೆ ಅದೇನು ನಿಮ್ಮಪ್ಪ ನೆಟ್ಟ ಕಂಬವಾ?"

ಉಲ್ಲಾಸ ಕಿಟಕಿಯತ್ತ ತಿರುಗಿದ. ಕಂಬ ನೆಟ್ಟಿದ್ದು ಎದುರಿಗೆ ನಿಂತು ಕೂಗಾಡುತ್ತಿದ್ದ ಸಿಂಚನಕ್ಕನೇ. ಇಬ್ಬರೂ ಮದ್ದೂರು ಸೀಮೆಯವರು. ಮೆಡಿಟರೇನಿಯನ್ ಸಮುದ್ರದ ನಡುವೆ ಕಾರ್ವೆಲ್ಲಾ ಎಂಬ ಈ ಬೋಳು ದ್ವೀಪದಲ್ಲಿ ಅವಳು ವಿಜ್ಞಾನಿ, ಅವನು ಕಂಬ ನೋಡಿಕೊಳ್ಳುವ ಎಂಜಿನಿಯರ್. ವಾರದಿಂದ ಇದೇ ಜಗಳ ನಡೆದು ನಡೆದು ಅವನಿಗೆ ಸಿಟ್ಟು ಮಾಡಿಕೊಳ್ಳಲೂ ತ್ರಾಣ ಉಳಿದಿರಲಿಲ್ಲ.

ಕಿಟಕಿಯಾಚೆ, ಗುಡ್ಡದ ನೆತ್ತಿಯಲ್ಲಿ, ದಿಕ್ಕುಗಂಬ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ನೋಡಲು ತೆಂಗಿನಮರದೆತ್ತರದ ಒಂದು ಲೋಹದ ಕೊಳವೆ, ಅಷ್ಟೆ. ವಲಸೆ ಹಕ್ಕಿಯ ಕಣ್ಣಿನಲ್ಲಿ ಒಂದು ಬಗೆಯ ಪ್ರೋಟೀನ್ ಇರುತ್ತದೆ. ಭೂಮಿಯ ಕಾಂತಶಕ್ತಿ ಹಕ್ಕಿಗೆ ಕಾಣುವುದು ಅದರಿಂದ. ಅದೇ ಅದರ ದಿಕ್ಸೂಚಿ. ಊರು, ಹಡಗು, ಉಪಗ್ರಹಗಳ ರೇಡಿಯೋ ಗದ್ದಲ ವರ್ಷದಿಂದ ವರ್ಷಕ್ಕೆ ಏರಿ ಕೊನೆಗೆ ಆ ದಿಕ್ಸೂಚಿ ಕುರುಡಾಯಿತು. ಹಕ್ಕಿಗಳು ಸಮುದ್ರದ ಮೇಲೆ ಸುತ್ತಿ ಸುತ್ತಿ, ರೆಕ್ಕೆ ಸೋತು, ನೀರಿಗೆ ಬಿದ್ದವು. ಆಗ ಸಿಂಚನ ಈ ಕಂಬ ಮಾಡಿದಳು. ಅದು ಹೊಮ್ಮಿಸುವ ಸಣ್ಣ ಕಾಂತದ ಮಿಡಿತ ಎಂಥ ಗದ್ದಲದಲ್ಲೂ ಹಕ್ಕಿಯ ಕಣ್ಣಿಗೆ ದೀಪದಂತೆ ಕಾಣುತ್ತಿತ್ತು. ಯುರೋಪಿನಿಂದ ಹೊರಟ ಹಕ್ಕಿ ಆ ದೀಪ ಹಿಡಿದು ದ್ವೀಪಕ್ಕೆ ಬರಬೇಕು, ದಣಿವಾರಿಸಿಕೊಳ್ಳಬೇಕು. ಕಂಬ ಮಿಡಿಯುವಷ್ಟು ದಿನ ಹಕ್ಕಿ ಅದನ್ನು ಬಿಟ್ಟು ಹೋಗದು, ಆರಿಸಿದ ಮೇಲೆ ಆಫ್ರಿಕಾಕ್ಕೆ ಹೊರಡಬೇಕು. ಅಲ್ಲಿಂದ ದಕ್ಷಿಣಕ್ಕೆ ಗದ್ದಲ ಕಮ್ಮಿ, ತನ್ನ ಕಣ್ಣೇ ಸಾಕು.

ಹಕ್ಕಿಗಳು ಬಂದವು. ಅವುಗಳ ಹಿಂದೆ ದುರ್ಬೀನು ಹೊತ್ತು ಹಕ್ಕಿ ನೋಡುವವರು ಬಂದರು. ಕಲ್ಲು ಬಿಟ್ಟರೆ ಏನೂ ಬೆಳೆಯದ ದ್ವೀಪಕ್ಕೆ ಅನ್ನ ಹುಟ್ಟಿತು. ಸೆಪ್ಟೆಂಬರಿನಲ್ಲಿ ಆರಿಸುತ್ತಿದ್ದ ಕಂಬವನ್ನು ಈ ವರ್ಷ ದ್ವೀಪದವರು ಮುಂದಕ್ಕೆ, ಮತ್ತೂ ಮುಂದಕ್ಕೆ ತಳ್ಳಿಸಿದರು. ಈಗ ನವೆಂಬರ್ ಮುಗಿಯುತ್ತ ಬಂದಿತ್ತು. ಕಳ್ಳಿಪೀರ ಜೇನ್ನೊಣ, ಕಣಜ ಹಿಡಿದು ತಿನ್ನುವ ಹಕ್ಕಿ. ಈ ಚಳಿಗೆ ನೊಣ ಎಲ್ಲಿಂದ ಬರಬೇಕು? ಅವು ತಂತಿಯ ಮೇಲೆ ಒಂದಕ್ಕೊಂದು ಒತ್ತಿಕೊಂಡು, ಪುಕ್ಕ ಉಬ್ಬಿಸಿ, ಅಲುಗದೆ ಕೂತಿರುತ್ತಿದ್ದವು. ಬಂದವರಿಗೆ ಅದೇ ಚಂದ. ಇಷ್ಟು ಹತ್ತಿರ ಹೋದರೂ ಹಾರುವುದಿಲ್ಲವಲ್ಲ ಎಂದು ಫೋಟೋ ತೆಗೆಯುತ್ತಿದ್ದರು. ಅವರು ಏಳುವ ಮುಂಚೆ, ಬಿದ್ದ ಹಕ್ಕಿಗಳನ್ನು ಆಯ್ದು ಹೂಳುವುದು ಉಲ್ಲಾಸನ ಕೆಲಸವಾಗಿತ್ತು.

"ಇನ್ನೊಂದೀಟು ದಿನ ತಡ್ಕಳಕ್ಕ," ಎಂದ. "ಈ ಸೀಸನ್ ಚೆನ್ನಾಗಿ ಮುಗುದ್ರೆ ಕರಾವಳಿ ಉದ್ದಕ್ಕೂ ಕಂಬ ನೆಡಕ್ಕೆ ಸರ್ಕಾರದೋರು ಒಪ್ಪವ್ರೆ. ಈಗ ಆರಿಸಿದ್ರೆ ದ್ವೀಪದೋರು ನಮ್ಮನ್ನ ಇಲ್ಲಿಂದ ಓಡುಸ್ತಾರೆ. ಬ್ಯಾರೆ ಕಡೆ ನೀರಿಗೆ ಬೀಳೋ ಹಕ್ಕಿಗಳ ಗತಿ ಏನು?"

"ಅದುಕ್ಕೆ ಇವು ಸಾಯ್ಲಿ ಅಂತೀಯಾ?"

"ನಾನೆಲ್ಲಂದೆ?"

"ಇನ್ನೇನಂದೆ? ನಮ್ಮೂರ ಹುಣಸೆಮರಕ್ಕೆ ಹೆಜ್ಜಾರ್ಲೆ ಬಂದು ಮರಿ ಮಾಡ್ತಿದ್ವಲ್ಲ, ನಮ್ಮಜ್ಜಿ ಏನನ್ನೋಳು ಗೊತ್ತಾ? ಬಾಣಂತನಕ್ಕೆ ಬಂದಿರೋ ಹೆಣ್ಮಕ್ಳು ಅನ್ನೋಳು. ಬಾಣಂತನ ಮುಗುದ್ಮೇಲೆ ಮಗಳನ್ನ ಕಳುಸ್ಬೇಕು ಕಣೋ. ಇಟ್ಕಂಡು ಬಂದೋರ್ಗೆಲ್ಲ ತೋರುಸ್ತಾ ಕೂತ್ರೆ ಅದು ತವರಲ್ಲ, ಸರ್ಕಸ್ಸು."

ಅವಳೇ ಹೋಗಿ ಸ್ವಿಚ್ಚು ಎಳೆದಳು. ಅವನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ ಹೆಗಲ ಮೇಲಿನ ಮೂಟೆ ಯಾರೋ ಇಳಿಸಿದಂತಾಯಿತು.

ಇಬ್ಬರೂ ಹೊರಗೆ ಬಂದು ನಿಂತರು. ಕಳ್ಳಿಪೀರಗಳು ತಂತಿ ಬಿಟ್ಟೆದ್ದವು. ಕೂಗುತ್ತ ಗುಡ್ಡವನ್ನೊಂದು ಸುತ್ತು ಹಾಕಿದವು. ಕೆಲವು ದಕ್ಷಿಣಕ್ಕೆ, ನೀರಿನ ಮೇಲೆ ಒಂದಷ್ಟು ದೂರ ಹೋದವು. ಅವೂ ತಿರುಗಿದವು. ಎಲ್ಲ ಬಂದು ಅದೇ ತಂತಿಯ ಮೇಲೆ, ಆರಿದ ಕಂಬಕ್ಕೆ ಮುಖ ಮಾಡಿ ಕೂತವು. ಮಾರನೆಯ ಬೆಳಿಗ್ಗೆಯೂ ಹಾಗೇ ಕೂತಿದ್ದವು.

ಸಿಂಚನಳಿಗೆ ಆಗ ಹೊಳೆಯಿತು. ಮರಿಹಕ್ಕಿಯ ಕಣ್ಣು ದಿಕ್ಕು ಕಲಿಯುವುದು ತನ್ನ ಮೊದಲ ಪಯಣದಲ್ಲಿ. ಈ ವರ್ಷದ ಮರಿಗಳು ತಿಂಗಳುಗಟ್ಟಲೆ ಕಂಬವೊಂದನ್ನೇ ಕಂಡು, ಲೋಕವೆಲ್ಲ ಇಲ್ಲಿಗೇ ಮುಗಿಯಿತೆಂದು ಕಲಿತಿದ್ದವು. ಮರಿಗಳನ್ನು ಬಿಟ್ಟು ದೊಡ್ಡವು ಹೊರಡುವುದಿಲ್ಲ, ಕಳ್ಳಿಪೀರದ್ದು ಕೂಡುಕುಟುಂಬ.

"ದಾರಿ ತೋರ್ಸೋ ಕಂಬ ಮಾಡಿವ್ನಿ ಅಂದ್ಕಂಡಿದ್ದೆ," ಎಂದಳು. "ದನ ಕಟ್ಟೋ ಗೂಟ ಮಾಡಿವ್ನಿ."

ಶೆಡ್ಡಿಗೆ ಹೋಗಿ, ಅವಳು ಎಲ್ಲಕ್ಕೂ ಮೊದಲು ಮಾಡಿದ್ದ ಪುಟ್ಟ ಕಂಬವನ್ನು ಎಳೆದು ತಂದಳು. ಹಾಲಿನ ಕ್ಯಾನಿನಷ್ಟು ಗಾತ್ರ. ಅದನ್ನು ಮೋಟಾರು ದೋಣಿಯಲ್ಲಿಟ್ಟುಕೊಂಡು ದಕ್ಷಿಣಕ್ಕೆ ಹೋದರೆ ಹಕ್ಕಿಗಳು ಹಿಂದೆ ಬರುತ್ತವೆ ಎಂಬುದು ಉಲ್ಲಾಸನಿಗೂ ಅರ್ಥವಾಯಿತು.

"ಬಡಗಲ ಗಾಳಿ ಎದ್ದದೆ. ಈ ದೋಣಿ ತಡಿಯಾಕಿಲ್ಲಕ್ಕ."

"ಮಗಳನ್ನ ಕಳುಸ್ವಾಗ ಯಾರಾದ್ರೂ ಜೊತೇಲಿ ಹೋಗಿ ಬಿಟ್ಟು ಬರ್ಬೇಕು."

"ಅಣ್ಣತಮ್ಮಂದ್ರು ಹೋಯ್ತಾರೆ, ಅದು ಪದ್ಧತಿ."

"ಹಂಗಾರೆ ಬಾ."

ಅವನು ನೆಲ ನೋಡಿದ. "ಕಂಬದ ಹತ್ರ ಯಾರಾದ್ರೂ ಇರ್ಬೇಕಲ್ಲಕ್ಕ," ಎಂದ. ಆರಿದ ಕಂಬಕ್ಕೆ ಕಾವಲು ಬೇಕಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ಇರು," ಎಂದಳು. ಅಷ್ಟು ದಿನ ಬೈದವಳ ದನಿಯಲ್ಲಿ ಆಗ ಸಿಟ್ಟೇ ಇರಲಿಲ್ಲ. ಬೈದಿದ್ದರೆ ವಾಸಿಯಿತ್ತು.

ದೋಣಿ ಕೊಲ್ಲಿ ದಾಟಿತು. ತಂತಿಯ ಮೇಲಿನ ಸಾಲು ಒಂದು ತುದಿಯಿಂದ ಬಿಚ್ಚಿಕೊಂಡು, ಹಸಿರು ದಾರದಂತೆ ಅದರ ಹಿಂದೆ ಹೋಯಿತು.

ಎದುರಿನ ಆಫ್ರಿಕಾ ದಡದ ಬೆಸ್ತರ ಹಳ್ಳಿಯವರು ಕಳ್ಳಿಪೀರಗಳ ದೊಡ್ಡ ಹಿಂಡು ಇಳಿದದ್ದನ್ನು ಕಂಡರಂತೆ. ದೋಣಿಯನ್ನು ಕಂಡವರು ಯಾರೂ ಇರಲಿಲ್ಲ.

ಮುಂದಿನ ವಸಂತದಲ್ಲಿ, ದುರ್ಬೀನು ಹೊತ್ತು ಬಂದ ಹೆಂಗಸೊಬ್ಬಳು ಬರಿದಾದ ತಂತಿಯನ್ನು ತೋರಿಸಿ, ಕಳ್ಳಿಪೀರ ಯಾವಾಗ ಬರುತ್ತವೆ ಎಂದು ಕೇಳಿದಳು.

"ಕರೆದುಕೊಂಡು ಬರುವವರು ಬಂದರೆ ಬರುತ್ತವೆ," ಎಂದ ಉಲ್ಲಾಸ.

"ಹಿಂದೆ ಯಾರು ಕರೆದುಕೊಂಡು ಬರುತ್ತಿದ್ದರು?"

"ಯಾರೂ ಇಲ್ಲ. ನಮ್ಮೂರಲ್ಲಿ, ನಮ್ಮಮ್ಮನ ಕಾಲದಲ್ಲಿ, ತಾವೇ ಬಂದು ತಾವೇ ಹೋಗುತ್ತಿದ್ದವಂತೆ. ರಸ್ತೆ ಬದಿಯ ಕರೆಂಟು ತಂತಿಯ ಮೇಲೆ ಸಾಲಾಗಿ ಕೂತಿರುತ್ತಿದ್ದವಂತೆ. ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲವಂತೆ."