ಮೂರು ಸಲ ತೂಗಿದ ಪಾತ್ರೆ

"ಜೇಬು ತೋರಿಸು!"

ಗುಬ್ಬಿ ಎರಡೂ ಜೇಬುಗಳನ್ನು ಹೊರಗೆಳೆದು ತೋರಿಸಿದ. ಒಂದು ರಬ್ಬರು, ಅರ್ಧ ಪೆನ್ಸಿಲ್ಲು, ಯಾವಾಗಿನದೋ ಬಸ್ ಟಿಕೆಟ್ಟು. ಅಷ್ಟೇ.

"ನಾಲಿಗೆ?"

ಪಾಪ, ನಾಲಿಗೆಯನ್ನೂ ಚಾಚಿದ. ಆದರೂ ಪಟಾಕಿಯ ಅನುಮಾನ ಹೋಗಲಿಲ್ಲ. ಅವಳಿಗೆ ಆ ಅಡ್ಡಹೆಸರು ಬಂದದ್ದೇ ಹಾಗೆ. ಮೊದಲು ಸಿಡಿಯುವುದು, ಯೋಚನೆ ಏನಿದ್ದರೂ ಆಮೇಲೆ.

ನಾಳೆ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ಇಬ್ಬರದೂ ಒಂದೇ ಚಾರ್ಟು. ಅದರ ಮೇಲೆ ಗುಬ್ಬಿ ದಪ್ಪಕ್ಷರದಲ್ಲಿ ಬರೆದಿದ್ದ: 'ಏನೇ ಬೆರೆಸಿ, ತೂಕ ಬದಲಾಗದು!' ಅದನ್ನೇ ಮಾಡಿ ನೋಡಲು ಪಟಾಕಿಯ ಮನೆಯ ಅಡುಗೆಕೋಣೆಯಲ್ಲಿ ಡಿಜಿಟಲ್ ತಕ್ಕಡಿಯ ಮೇಲೆ ದೊಡ್ಡ ಪಾತ್ರೆ ಇಟ್ಟು ವಿನೆಗರ್ ಸುರಿದಿದ್ದರು. ತಕ್ಕಡಿಯ ಮೇಲೇ, ಪಾತ್ರೆಯ ಪಕ್ಕದಲ್ಲಿ, ಕಾಗದದ ಮೇಲೆ ನಲವತ್ತೆರಡು ಗ್ರಾಂ ಅಡುಗೆ ಸೋಡಾ. ಡಬ್ಬಿಯಲ್ಲಿ ಇದ್ದದ್ದೇ ಅಷ್ಟು. ಎಲ್ಲ ಸೇರಿ 1500 ಗ್ರಾಂ.

ಗುಬ್ಬಿ ಚೂರುಚೂರೇ ಸೋಡಾ ಹಾಕುತ್ತಿದ್ದಾಗ ಪಕ್ಕದ ಮನೆಯ ಆಂಟಿ ಏಣಿ ಕೇಳಲು ಬಂದರು. ಪಟಾಕಿ ಏಣಿ ಕೊಟ್ಟು ಬರುವಷ್ಟರಲ್ಲಿ ತಕ್ಕಡಿ ತೋರಿಸುತ್ತಿದ್ದದ್ದು 1479. ಖಾಲಿ ಕಾಗದವೂ ಅದರ ಮೇಲೇ ಇತ್ತು.

"ಇಲ್ಲಿದ್ದದ್ದು ನೀನೊಬ್ನೇ. ಚೆಲ್ಲಿ ಒರೆಸಿಬಿಟ್ಯಾ?"

"ಇಲ್ಲ ಕಣೇ."

"ಮತ್ತೆ ಈ ಬಟ್ಟೆ ಯಾಕೆ ಒದ್ದೆ?"

"ಕೈ ತೊಳೆದು ಒರೆಸಿಕೊಂಡೆ."

ಎಲ್ಲದಕ್ಕೂ ಉತ್ತರ ರೆಡಿ! ಹೋದ ವಾರ ಅವಳ ಗ್ಲೂಕೋಸ್ ಡಬ್ಬಿಗೆ ಬೆರಳಿಟ್ಟವನೂ ಇವನೇ ತಾನೆ?

"ಸುಳ್ಳ! ನಾಳೆ ನಾನು ನಿನ್ನ ಜೊತೆ ನಿಂತ್ಕೊಳ್ಳಲ್ಲ, ಹೋಗು."

ಗುಬ್ಬಿಯ ಮುಖ ಸಣ್ಣದಾಯಿತು. ಚಾರ್ಟನ್ನೂ ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದ.

ಪಟಾಕಿ ದಪದಪ ಹೆಜ್ಜೆ ಹಾಕುತ್ತ ಅಕ್ಕನ ಹತ್ತಿರ ದೂರು ಒಯ್ದಳು. ಹೈಸ್ಕೂಲಿನ ಅಕ್ಕ ಕೆಮಿಸ್ಟ್ರಿ ಹೋಂವರ್ಕಿನಲ್ಲಿ ಮುಳುಗಿದ್ದಳು.

"ಸೋಡಾ ಎಷ್ಟು ಹಾಕಿದ್ರಿ?" ಅಕ್ಕ ತಲೆ ಎತ್ತದೆ ಕೇಳಿದಳು.

"ನಲವತ್ತೆರಡು ಗ್ರಾಂ."

"ಅರ್ಧ ಮೋಲ್."

"ಏನ್ ಬೈತಿದ್ದೀಯಾ?"

ಅಕ್ಕ ನಕ್ಕುಬಿಟ್ಟಳು. "ಡಜನ್ ಅಂತೀವಲ್ಲ, ಹಾಗೇ ಮೋಲ್ ಅನ್ನೋದೂ ಒಂದು ಎಣಿಕೆ. ಕಣ್ಣಿಗೆ ಕಾಣದ ಕಣಗಳನ್ನ ಎಣಿಸೋಕೆ. ಒಂದು ಮೋಲ್ ಸೋಡಾ ತೂಗಿದ್ರೆ ಎಂಬತ್ನಾಲ್ಕು ಗ್ರಾಂ. ಅದಕ್ಕೆ ಸಾಕಷ್ಟು ವಿನೆಗರ್ ಸೇರಿದ್ರೆ ಒಂದು ಮೋಲ್ ಕಾರ್ಬನ್ ಡೈಆಕ್ಸೈಡ್ ಹೊರಗೆ ಬರುತ್ತೆ. ಅದು ನಲವತ್ನಾಲ್ಕು ಗ್ರಾಂ. ನಿಮ್ದು ಅರ್ಧ ಅಲ್ವಾ?"

"ಇಪ್ಪತ್ತೆರಡು..." ಪಟಾಕಿಯ ದನಿ ಇಳಿಯಿತು. "ಗಾಳಿಗೂ ತೂಕ ಇರುತ್ತಾ?"

"ಇರದೆ ಏನು? ಪಾತ್ರೆ ಬಾಯಿ ತೆಗೆದೇ ಇತ್ತು, ಹಾರಿಹೋಯ್ತು. ಅದನ್ನೂ ಹಿಡಿದಿಟ್ಟು ತೂಗಿದ್ರೆ 1500 ಬರ್ತಿತ್ತು."

ಪಟಾಕಿ ಸುಲಭಕ್ಕೆ ಬಿಡುವವಳಲ್ಲ. "ಹೋಗಿರೋದು ಇಪ್ಪತ್ತೊಂದೇ. ಇನ್ನೊಂದು ಗ್ರಾಂ? ಅದರಲ್ಲೇನಾದ್ರೂ ಗುಬ್ಬಿ..."

"ಅಯ್ಯೋ, ಪಾತ್ರೆ ನೋಡು ಹೋಗೇ!"

ಹೋಗಿ ಬಗ್ಗಿ ನೋಡಿದಳು. ತಳದಿಂದ ಸಣ್ಣ ಸಣ್ಣ ಗುಳ್ಳೆಗಳು ಇನ್ನೂ ಏಳುತ್ತಲೇ ಇದ್ದವು. ಉಳಿದ ಗಾಳಿ ಇನ್ನೂ ಒಳಗೇ ಇತ್ತು.

ಪಕ್ಕದಲ್ಲಿ ಗುಬ್ಬಿಯ ನೋಟ್‌ಬುಕ್ಕು ತೆರೆದೇ ಬಿದ್ದಿತ್ತು. ಕೋಳಿ ಕೆದಕಿದಂಥ ಅಕ್ಷರ: 'ಆಮೇಲೆ: 1479. ಇಳಿಸಿ ಮತ್ತೆ ಇಟ್ಟೆ: 1479. ಮೂರನೇ ಸಲ: 1479. ಯಾಕೆ?'

ಪಟಾಕಿ ಆ ಸಾಲನ್ನೇ ನೋಡುತ್ತ ನಿಂತಳು. ಚಾರ್ಟಿನ ಮೇಲೆ ತೂಕ ಬದಲಾಗದು ಎಂದು ಬರೆದವನು ಅವನೇ. ನಲ್ಲಿ ಇದ್ದದ್ದು ಒಂದು ಮೊಳ ದೂರದಲ್ಲಿ. ಅರ್ಧ ಲೋಟವೂ ಬೇಡ, ಒಂದಿಷ್ಟು ನೀರು ಸುರಿದಿದ್ದರೆ ತಕ್ಕಡಿ 1500 ಎನ್ನುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಾನಂತೂ ಖುಷಿಯಿಂದ ಕುಣಿದಾಡಿಬಿಡುತ್ತಿದ್ದಳು.

ಅವಳಿಗೆ ತುಂಬ ನಾಚಿಕೆಯಾಯಿತು. ಚಾರ್ಟನ್ನು ಸುರುಳಿ ಸುತ್ತಿ, ನೋಟ್‌ಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಿದಳು.

ಗುಬ್ಬಿ ಬಾಗಿಲನ್ನು ಅರ್ಧ ಮಾತ್ರ ತೆರೆದ. "ಇನ್ನೇನು ಚೆಕ್ ಮಾಡ್ಬೇಕು?"

ಗಾಳಿ, ಮೋಲ್, ಇಪ್ಪತ್ತೆರಡು ಗ್ರಾಂ, ಹೇಳಬೇಕಾದದ್ದು ಬೇಕಾದಷ್ಟಿತ್ತು. ಪಟಾಕಿಯ ಬಾಯಿಗೆ ಬಂದದ್ದು ಬೇರೆಯೇ.

"ನಾನಾಗಿದ್ದಿದ್ರೆ ನೀರು ಸುರಿದುಬಿಡ್ತಿದ್ದೆ ಕಣೋ."

ಗುಬ್ಬಿ ಅವಳ ಮುಖವನ್ನೇ ನೋಡಿದ. ಆಮೇಲೆ ಬಾಗಿಲನ್ನು ಪೂರ್ತಿ ತೆರೆದ.